ಗೆದ್ದ ಮದ್ದು

ನಮ್ಮೂರಿನಲ್ಲಿ ಬೆಳಗ್ಗೆ ಹಾಲಿನವನು ಹೋದ ಮೇಲೆ, ಮಗ್ಗ ಹಾಕುವುದಕ್ಕೆ ಮೊದಲು, ಸ್ವಲ್ಪ ಹೊತ್ತು ಯಾರೂ ಸದ್ದು ಮಾಡುವ ಹಾಗಿಲ್ಲ. ಕುಕ್ಕರ್ ಇಡುವ ಹಾಗಿಲ್ಲ, ನೀರಿನ ಮೋಟಾರು ಹಾಕುವ ಹಾಗಿಲ್ಲ, ಗಂಡ ಹೆಂಡತಿ ಜಗಳವಾಡುತ್ತಿದ್ದರೂ ಅಲ್ಲಿಗೆ ನಿಲ್ಲಿಸಿ ಆಮೇಲೆ ಮುಂದುವರಿಸಬೇಕು. ಅದಕ್ಕೆ ಕಿವಿಹೊತ್ತು ಎನ್ನುತ್ತೇವೆ. ಆ ಹೊತ್ತಿನಲ್ಲಿ ತಾಯಂದಿರು ಮಕ್ಕಳ ಅಂಗಿ ಎತ್ತಿ ಬೆನ್ನಿಗೆ ಕಿವಿ ಇಡುತ್ತಾರೆ. ಗಂಟಲು ಕೀವಾಗಿದ್ದರೆ ಜೀರುಂಡೆಯ ಸದ್ದು, ಕುರುವಾಗಿದ್ದರೆ ಬಾಟಲಿಯೊಳಗೆ ಸಿಕ್ಕ ದುಂಬಿಯ ಸದ್ದು, ಉರಿಮೂತ್ರಕ್ಕೆ ಸೊಳ್ಳೆಯ ಸದ್ದು. ನೆಗಡಿಗೆ ಮಾತ್ರ ಯಾವ ಸದ್ದೂ ಇಲ್ಲ. ನನ್ನ ಮೈದುನನ ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ವರ ಕೂತ ಕಡೆಯಿಂದ ದುಂಬಿ ಗುಂಯ್‌ಗುಟ್ಟತೊಡಗಿ, ಪುರೋಹಿತರು ಮಂತ್ರ ಜೋರು ಮಾಡಿದಷ್ಟೂ ಅದು ಜೋರಾಗಿ, ಹೆಣ್ಣಿನ ಕಡೆಯವರು ಸೆರಗು ಕಚ್ಚಿ ನಕ್ಕಿದ್ದರು. ಇಲ್ಲಿ ಯಾರ ಮೈಯ ಗುಟ್ಟೂ ಗುಟ್ಟಾಗಿ ಉಳಿಯುವುದಿಲ್ಲ.

ಆವತ್ತು ನನ್ನ ಮಗಳು ಪಾರಿಯ ಬೆನ್ನಿಗೆ ಕಿವಿ ಇಟ್ಟಾಗ ಬಲಗಡೆ, ಹೆಗಲಮೂಳೆಯ ಕೆಳಗೆ, ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ಓಡುತ್ತಿರುವಂತೆ ಕೇಳಿಸಿತು. ಹಿಂದಿನ ದಿನದಿಂದ ಕೆಮ್ಮುತ್ತಿದ್ದಳು, ಮೈ ಬಿಸಿಯಾಗಿತ್ತು. ಆದರೂ ನೆಗಡಿ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕಿವಿ ತೆಗೆದು ಮತ್ತೆ ಇಟ್ಟೆ. ಗಿರಣಿ ನಿಲ್ಲಲಿಲ್ಲ.

"ಅತ್ತೆ, ಸ್ವಲ್ಪ ಬನ್ನಿ," ಎಂದೆ ಪಿಸುದನಿಯಲ್ಲಿ.

ಅತ್ತೆ ಬಂದು, ಮೊಮ್ಮಗಳ ಬೆನ್ನಿಗೆ ಬಾಗಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು. ಅವರ ಕಿವಿ ನಮ್ಮ ಬೀದಿಯಲ್ಲೇ ಹೆಸರುವಾಸಿ. "ಎದೆ ಗಿರಣಿನೇ ಕಣೇ," ಎಂದರು. "ಯಾರ ಮನೇಲಾದ್ರೂ ಗೆದ್ದ ಮದ್ದು ಇದ್ಯಾ ನೋಡ್ಕೊಂಡು ಬಾ, ಹೋಗು."

ಗೆದ್ದ ಮದ್ದು ಎಂದರೆ ಒಂದು ಮನೆಯಲ್ಲಿ ಸದ್ದು ಅಡಗಿಸಿ, ಬಾಟಲಿಯ ತಳದಲ್ಲಿ ಉಳಿದ ಮದ್ದು. ಸದ್ದು ನಿಂತ ದಿನ ಆ ಮನೆಯವರು ಬಾಟಲಿಯ ಕತ್ತಿಗೆ ಅರಿಶಿನದ ನೂಲು ಕಟ್ಟುತ್ತಾರೆ. ಮುಂದೆ ಯಾರ ಮನೆಯಲ್ಲಿ ಸದ್ದು ಕೇಳುತ್ತದೋ ಆ ಮನೆಯವರು ತಟ್ಟೆಯಲ್ಲಿ ಬೆಲ್ಲ ಇಟ್ಟುಕೊಂಡು ಬಂದು ಅದನ್ನು ಒಯ್ಯುತ್ತಾರೆ. ಅಂಗಡಿಯಿಂದ ಬಂದ ಹೊಸ ಬಾಟಲಿಯನ್ನು ನಾವು ಹಸಿ ಮದ್ದು ಎನ್ನುತ್ತೇವೆ. ಅದಕ್ಕೆ ಇನ್ನೂ ಏನೂ ಗೊತ್ತಿಲ್ಲ, ಒಂದು ಸಲ ಗೆದ್ದದ್ದಕ್ಕೆ ದಾರಿ ಗೊತ್ತಿರುತ್ತದೆ ಎಂದು ಹಿರಿಯರ ಲೆಕ್ಕ. ಎರಡು ಮೂರು ಮನೆ ಗೆದ್ದ ಬಾಟಲಿಯನ್ನಂತೂ ದೇವರ ಗೂಡಿನಲ್ಲಿ ಇಡುವವರಿದ್ದಾರೆ. ಸದ್ದು ನಿಂತ ಮೇಲೂ ಮದ್ದನ್ನು ಮನೆಯಲ್ಲೇ ಇಟ್ಟುಕೊಂಡು ಕುಡಿಸಿದರೆ ಹೋದ ಸದ್ದನ್ನು ವಾಪಸ್ ಕರೆದ ಹಾಗೆ.

ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕೇಳಿದೆ. ಯಾರ ಹತ್ತಿರವೂ ಇರಲಿಲ್ಲ. ಕೊನೆಯ ಬಾಟಲಿ ಬಣ್ಣದವರ ಬೀದಿಗೆ ಹೋಗಿತ್ತಂತೆ. ಅಲ್ಲಿಗೆ ಹೋಗಿಬರುವಷ್ಟು ತಾಳ್ಮೆ ನನಗಿರಲಿಲ್ಲ. ಪಾರಿಯನ್ನು ಸೊಂಟಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಹಿಂದಿನ ಆಸ್ಪತ್ರೆಗೆ ಹೊರಟೆ. ಆರು ವರ್ಷದ ಹುಡುಗಿ, ಎತ್ತಿಕೊಂಡರೆ ಕಾಲು ನನ್ನ ಮೊಣಕಾಲಿಗೆ ಬಡಿಯುತ್ತದೆ. ಎದುರುಮನೆಯ ಜಯಶೀಲ ತನ್ನ ಕೈಗೂಸು ಓಂಕಾರನನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. "ಆ ಕಿವುಡಿ ಹತ್ರ ಹೋಗ್ತಿದ್ದೀಯಾ ಗಂಗಾ? ಜೋರಾಗಿ ಕೂಗಿ ಹೇಳು, ಆಗ್ಲಾದ್ರೂ ಕೇಳಿಸೀತು!" ಎಂದು ನಕ್ಕಳು.

ಡಾಕ್ಟರ್ ಮೃಣಾಲಿನಿ ಬೇರೆ ಊರಿನವರು. ನಾವು ಮಾತಾಡುವುದೆಲ್ಲ ಅವರಿಗೆ ಕೇಳಿಸುತ್ತದೆ, ಮೈಯ ಸದ್ದು ಮಾತ್ರ ಕೇಳಿಸುವುದಿಲ್ಲ. ಮಗುವಿನ ಎದೆ ಬೀದಿಗೆಲ್ಲ ಕೇಳುವಂತೆ ಗುಂಯ್‌ಗುಡುತ್ತಿದ್ದರೂ ಅವರು ಕಿವಿಗೆ ನಳಿಕೆ ಸಿಕ್ಕಿಸಿಕೊಂಡು ಬೆನ್ನಿನ ಮೇಲೆ ಬಿಲ್ಲೆ ಇಟ್ಟು ಹುಡುಕುವುದನ್ನು ನೋಡಿ ಜನ ನಗುತ್ತಾರೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅವರ ಬಳಿ ಹೋಗುವುದು. ಅವರು ಪಾರಿಯ ಅಂಗಿ ಬಿಚ್ಚಿಸಿ ಸುಮ್ಮನೆ ನೋಡುತ್ತ ನಿಂತರು. ಉಸಿರು ಎಳೆದುಕೊಂಡಾಗ ಪಕ್ಕೆ ಎಷ್ಟು ಒಳಗೆ ಹೋಗುತ್ತದೆ, ಮೂಗಿನ ಹೊಳ್ಳೆ ಎಷ್ಟು ಅರಳುತ್ತದೆ ಎಂದು ನೋಡಿದರು. ಅಷ್ಟು ಹೊತ್ತು ಮಗುವನ್ನು ಬರೀ ಕಣ್ಣಿಂದ ನೋಡಿದವರನ್ನು ನಾನು ಕಂಡಿರಲಿಲ್ಲ.

"ನ್ಯುಮೋನಿಯಾ," ಎಂದರು. "ಶುರುವಿನಲ್ಲೇ ತಂದಿದ್ದೀರಿ, ಒಳ್ಳೇದಾಯ್ತು. ಈ ಬಾಟಲಿ ಕುಡಿಸಿ. ಖಾಲಿ ಆಗೋ ತನಕ ಕುಡಿಸಬೇಕು."

"ಸದ್ದು ನಿಲ್ಲೋ ತನಕ ಅಲ್ವಾ?"

"ಖಾಲಿ ಆಗೋ ತನಕ." ಅವರು ನನ್ನ ಮುಖ ನೋಡಿದರು. "ಗಂಗಾಂಬಿಕೆಯವ್ರೇ, ನೀವು ಕೇಳಿಸ್ಕೊಳ್ಳೋ ಸದ್ದು ನನಗೆ ಕೇಳಿಸಲ್ಲ. ಆದರೆ ಅದು ಎಷ್ಟು ಕ್ರಿಮಿ ಸೇರಿದರೆ ಬರುತ್ತೆ ಅಂತ ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಯಾರೂ ಆ ಪ್ರಶ್ನೆ ಕೇಳಿದ್ದಿಲ್ಲ.

"ನಿಮ್ಮ ಬೀದೀಲಿ ಎಲ್ಲಾ ಮಗ್ಗ ಓಡ್ತಿದ್ರೆ ನನ್ನ ಆಸ್ಪತ್ರೆಗೆ ಕೇಳಿಸತ್ತೆ. ಒಂದೇ ಒಂದು ಓಡ್ತಿದ್ರೆ?"

"ಇಲ್ಲಿಗೆ ಕೇಳಿಸಲ್ಲ."

"ಕೇಳಿಸಲ್ಲ ಅಂದ ಮಾತ್ರಕ್ಕೆ ಅಲ್ಲಿ ಯಾರೂ ನೇಯ್ತಿಲ್ಲ ಅಂತ ಅರ್ಥವಾ?" ಎಂದು ಬಾಟಲಿಯ ಪುಡಿಗೆ ಕಾಯಿಸಿ ಆರಿಸಿದ ನೀರು ಹಾಕಿ ಅಲ್ಲಾಡಿಸತೊಡಗಿದರು. ಅಲ್ಲಾಡಿಸುತ್ತಲೇ ಹೇಳಿದರು. ಒಂದೊಂದು ಕ್ರಿಮಿಗೂ ಮೈಸುತ್ತ ಒಂದು ಗೋಡೆ ಇರುತ್ತದಂತೆ. ಒಂದು ಎರಡಾಗಬೇಕಾದರೆ ಅದು ಹೊಸ ಗೋಡೆ ಕಟ್ಟಿಕೊಳ್ಳಬೇಕು. ಈ ಮದ್ದು ಆ ಕಟ್ಟುವ ಕೈಯನ್ನು ಹಿಡಿದುಕೊಳ್ಳುತ್ತದೆ. ಗೋಡೆ ಅರ್ಧಕ್ಕೆ ನಿಂತು, ಒಳಗಿನ ಒತ್ತಡ ತಡೆಯಲಾರದೆ ಕ್ರಿಮಿ ಒಡೆದುಹೋಗುತ್ತದೆ.

ನನಗೆ ಹೆದರಿಕೆಯಾಯಿತು. "ಹಾಗಾದ್ರೆ ನನ್ ಮಗಳ ಮೈಯೊಳಗೂ ಒಡೆಯಲ್ವಾ ಡಾಕ್ಟ್ರೇ?"

"ನಮ್ಮ ಮೈಯ ಜೀವಕೋಶಕ್ಕೆ ಆ ಥರದ ಗೋಡೆನೇ ಇಲ್ಲ. ಇಲ್ಲದ ಗೋಡೆನ ಏನು ಕೆಡಿಸತ್ತೆ? ನೆಗಡಿ ತರೋ ವೈರಸ್ಸಿಗೂ ಇಲ್ಲ. ಅದಕ್ಕೇ ನೆಗಡಿಗೆ ಇದನ್ನ ಕುಡಿಸೋದು ದಂಡ. ಆದರೆ ಒಂದು ಮಾತು ನೆನಪಿಟ್ಕೊಳ್ಳಿ. ಕಟ್ತಾ ಇರೋದನ್ನ ಮಾತ್ರ ಇದು ಹಿಡಿಯೋದು. ಕೆಲವು ಕ್ರಿಮಿ ಏನೂ ಕಟ್ಟದೆ ಸುಮ್ಮನೆ ಮಲಗಿರ್ತವೆ. ಇನ್ನು ಕೆಲವಕ್ಕೆ ಮದ್ದಿನ ಪೆಟ್ಟು ಸ್ವಲ್ಪ ತಡ್ಕೊಳ್ಳೋ ಶಕ್ತಿ ಇರತ್ತೆ. ಅವು ಎದ್ದು ಕೆಲಸ ಶುರು ಮಾಡಿದಾಗ ಮದ್ದು ಇನ್ನೂ ಅಲ್ಲೇ ಇರ್ಬೇಕು. ಗೊತ್ತಾಯ್ತಾ?"

ಗೊತ್ತಾಯಿತು ಎಂದೆ. ಅರ್ಧ ಗೊತ್ತಾಗಿತ್ತು. ದಾರಿಯುದ್ದಕ್ಕೂ ಮಗಳ ಗಿರಣಿ ನನ್ನ ಪಕ್ಕೆಗೆ ತಾಗಿಕೊಂಡೇ ಓಡುತ್ತಿತ್ತು.

ಕಿತ್ತಳೆ ಬಣ್ಣದ ಮದ್ದು. ಪಾರಿ ಮೊದಲ ಸಲ ಉಗುಳಿದಳು, ಎರಡನೆಯ ಸಲ ನನ್ನ ಸೀರೆಗೆ ಉಗುಳಿದಳು. ಆಮೇಲೆ ನಾನು ಚಮಚವನ್ನು ವಿಮಾನ ಮಾಡಿ, ಹಕ್ಕಿ ಮಾಡಿ, ಅವಳ ಅಪ್ಪನ ಮೀಸೆ ಮಾಡಿ ಕುಡಿಸಿದೆ. ಸೊಪ್ಪು ಬಿಡಿಸುತ್ತ ಎದ್ದು ಹೋಗಿ ಕಿವಿ ಇಟ್ಟು ಬರುವುದು, ಅನ್ನ ಬಸಿಯುತ್ತ ಎದ್ದು ಹೋಗಿ ಕಿವಿ ಇಟ್ಟು ಬರುವುದು. ಒಂದೇ ಪಾತ್ರೆಯನ್ನು ಎರಡೆರಡು ಸಲ ತೊಳೆದೆ. ಮಗ್ಗದ ಮುಂದೆ ಕೂತಿದ್ದ ನನ್ನ ಗಂಡ ರುದ್ರೇಶ, "ಒಂದು ಕಡೆ ಕೂತ್ಕೊಳ್ಳೇ, ನಿನ್ನ ನೋಡಿದ್ರೆ ನನ್ನ ನೂಲು ಕಡಿಯತ್ತೆ," ಎಂದು ರೇಗಿದರು.

ಗಿರಣಿ ಮೊದಲು ಸಣ್ಣದಾಯಿತು. ಆಮೇಲೆ ಬಿಟ್ಟು ಬಿಟ್ಟು ಓಡಿತು. ಒಂದು ಬೆಳಗ್ಗೆ ಕಿವಿ ಇಟ್ಟರೆ ಪಾರಿಯ ಉಸಿರು ಮತ್ತು ಎದೆಬಡಿತ ಬಿಟ್ಟು ಬೇರೇನೂ ಇಲ್ಲ. ನನಗೆ ಅಳು ಬಂತು. ಅತ್ತೆ ಕೇಳಿಸಿಕೊಂಡರು, ಎದ್ದು ಬಾಗಿಲಿಗೆ ಹೋಗಿ, "ನಿಂತಿತ್ರಪ್ಪಾ!" ಎಂದು ಬೀದಿಗೆ ಕೂಗಿದರು. ಅಲ್ಲಿ ಇಲ್ಲಿ ಕಿಟಕಿಗಳಿಂದ ಹೆಂಗಸರು ಒಳ್ಳೆಯದಾಯಿತು ಎಂದರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಬಾಟಲಿಯ ಕತ್ತಿಗೆ ಅರಿಶಿನದ ನೂಲು ಕಟ್ಟಿ ಕಟ್ಟೆಯ ಮೇಲೆ ಇಟ್ಟಿದ್ದರು. ಮದ್ದು ಅರ್ಧಕ್ಕಿಂತ ಹೆಚ್ಚೇ ಇತ್ತು.

"ಅತ್ತೆ, ಡಾಕ್ಟ್ರು ಖಾಲಿ ಮಾಡ್ಬೇಕು ಅಂದಿದ್ದಾರೆ."

"ಅವ್ಳಿಗೆ ನಿಂತಿದ್ದು ಗೊತ್ತಾಗಲ್ವಲ್ಲಮ್ಮ, ಅದಕ್ಕೆ ಖಾಲಿ ಮಾಡು ಅಂತಾಳೆ. ಕಣ್ಣು ಕಾಣ್ದೋರು ಗೋಡೆ ಮುಟ್ಟೋ ತನಕ ನಡೀತಾರೆ. ನಿನಗೇನಾಗಿದೆ?"

ಬಾಟಲಿ ತೆಗೆದುಕೊಂಡು ಒಳಗೆ ಬಂದೆ. ನೂಲು ಬಿಚ್ಚಿದೆ. ಆ ಹೊತ್ತಿನ ಮದ್ದು ಕುಡಿಸಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಬಿಚ್ಚಿದ ನೂಲನ್ನು ನೆಲದಿಂದ ಎತ್ತಿಕೊಂಡು ಹೊರಟುಹೋದರು.

ಮಾರನೆಯ ಕಿವಿಹೊತ್ತಿನಲ್ಲಿ ಗಿರಣಿಯ ಸದ್ದು ಎದುರುಮನೆಯಿಂದ ಬಂತು. ಓಂಕಾರನ ಎದೆ. ಇನ್ನೂ ಹಲ್ಲು ಬಾರದ ಕೂಸು, ಸದ್ದು ಮಾತ್ರ ದೊಡ್ಡವರದ್ದು. ನಾನು ಪಾರಿಯ ಬೆನ್ನಿನಿಂದ ಕಿವಿ ತೆಗೆಯುವ ಮೊದಲೇ ನನಗೆ ಜಯಶೀಲ ಬರುವುದು ಗೊತ್ತಾಯಿತು.

ಬಂದಳು. ಕೂದಲು ಬಾಚಿರಲಿಲ್ಲ, ತಟ್ಟೆಯಲ್ಲಿ ಬೆಲ್ಲದ ಅಚ್ಚು ಇತ್ತು. ನಾವಿಬ್ಬರೂ ಒಂದೇ ವರ್ಷ ಈ ಬೀದಿಗೆ ಸೊಸೆಯರಾಗಿ ಬಂದವರು. ನನ್ನ ಬಾಣಂತನದಲ್ಲಿ ಪಾರಿಗೆ ಅವಳು ನೀರು ಹಾಕಿದ್ದಾಳೆ. "ಗಂಗಾ, ಕೊಡೇ," ಎಂದಳು, ತಟ್ಟೆ ಚಾಚಿ. ಕೇಳುವುದು ಏನಿದೆ ಎನ್ನುವಷ್ಟು ಸಲೀಸಾಗಿ.

"ಜಯಾ, ಇದು ಪಾರಿಗೆ ಇನ್ನೂ ಬೇಕು."

"ನಿಂತಿದೆ ಅಂತ ಅತ್ತೆ ಕೂಗಿದ್ರಲ್ಲ?"

"ಸದ್ದು ನಿಂತಿದೆ. ಕ್ರಿಮಿ ಪೂರ್ತಿ ಹೋಗಿರಲ್ವಂತೆ. ಸ್ವಲ್ಪ ಇದ್ರೆ ಸದ್ದು ಕೇಳಿಸಲ್ವಂತೆ ಕಣೇ. ನಡಿ, ನಾನೇ ಬರ್ತೀನಿ, ಆಸ್ಪತ್ರೆಗೆ ಹೋಗೋಣ. ಹೊಸ ಬಾಟಲಿ ಕೊಡ್ತಾರೆ. ಇದನ್ನ ನಿನಗೆ ಅರ್ಧ ಕೊಟ್ರೆ ಇವಳಿಗೂ ಅರ್ಧ ಆಗತ್ತೆ, ಅವನಿಗೂ ಅರ್ಧ ಆಗತ್ತೆ."

"ಹಸಿ ಮದ್ದು ಕುಡಿಸ್ಲಾ ಕೈಗೂಸಿಗೆ?" ಅವಳ ದನಿ ಏರಿತು. "ಗೆದ್ದದ್ದು ನಿನ್ ಹತ್ರ ಇಟ್ಕೊಂಡು, ನನ್ ಮಗನಿಗೆ ಹಸೀದಾ? ನಿನ್ ಮಗಳು ಅಲ್ಲಿ ಕುಂಟೆಬಿಲ್ಲೆ ಆಡ್ತಿದ್ದಾಳೆ ನೋಡೇ!"

ಪಾರಿ ನಿಜವಾಗಿಯೂ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಎದುರು ಬಾಗಿಲಲ್ಲಿ ಜಯಶೀಲಳ ಅತ್ತೆಯ ತೋಳಿನಲ್ಲಿ ಓಂಕಾರ ಕತ್ತು ಹಿಂದೆ ಹಾಕಿ ಉಸಿರು ಎಳೆಯುತ್ತಿದ್ದ. ನನ್ನ ಕೈ ಬಾಟಲಿಯ ಕಡೆ ಹೋಯಿತು. ಅದನ್ನು ಎತ್ತಿಕೊಂಡೆ. ಕೊಟ್ಟುಬಿಟ್ಟಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು, ಆ ಗಳಿಗೆಯ ಮಟ್ಟಿಗೆ ನಾನೂ.

"ಆಸ್ಪತ್ರೆಗೆ ನಡಿ ಜಯಾ. ನಿನ್ ಕಾಲಿಗೆ ಬೀಳ್ತೀನಿ."

ಅವಳು ತಟ್ಟೆಯನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಇಟ್ಕೋ. ಬೆಲ್ಲನೂ ಇಟ್ಕೋ. ಮದ್ದಿನ ಜೊತೆ ನೆಂಚ್ಕೊಂಡು ತಿನ್ನು."

ಮಧ್ಯಾಹ್ನದೊಳಗೆ ಅವಳ ಗಂಡ ಬಣ್ಣದವರ ಬೀದಿಯಿಂದ ಒಂದು ಬಾಟಲಿ ತಂದ. ನಾಲ್ಕು ಮನೆಗಳ ತಳವನ್ನು ಒಂದಕ್ಕೆ ಸುರಿದದ್ದಂತೆ. ಕತ್ತಿನಲ್ಲಿ ನಾಲ್ಕು ನೂಲು. ಬಣ್ಣ ಕಿತ್ತಳೆಯೂ ಅಲ್ಲ, ಗುಲಾಬಿಯೂ ಅಲ್ಲ. ಜನ ಅದನ್ನು ನೋಡಲು ಬಂದರು. ನನ್ನ ಮನೆಯ ಕಡೆ ಯಾರೂ ತಿರುಗಲಿಲ್ಲ. ನಲ್ಲಿಯ ಹತ್ತಿರ ನನ್ನ ಕೊಡ ಕಂಡರೆ ಉಳಿದವರು ತಮ್ಮ ಕೊಡ ಸರಿಸಿಕೊಳ್ಳುತ್ತಿದ್ದರು. "ಮದ್ದು ಬಚ್ಚಿಟ್ಕೊಂಡೋಳು" ಎಂದು ಯಾರೋ ಅಂದರು, ನನಗೆ ಕೇಳಿಸಲಿ ಎಂದೇ. ಅತ್ತೆ ಎರಡು ದಿನ ನನ್ನ ಕೈಯಲ್ಲಿ ಕಾಫಿ ಇಸಿದುಕೊಳ್ಳಲಿಲ್ಲ, ತಾವೇ ಮಾಡಿಕೊಂಡರು.

ಓಂಕಾರನ ಗಿರಣಿ ಇಳಿಯಿತು. ಕೊನೆಗೆ ನಿಂತೂಬಿಟ್ಟಿತು. ಜಯಶೀಲಳ ಅತ್ತೆ "ನಿಂತಿತು" ಎಂದು ಕೂಗಿದ್ದು ನನ್ನ ಬಾಗಿಲಿಗೆ ಮುಖ ಮಾಡಿ. ಬಾಟಲಿಗೆ ಐದನೆಯ ನೂಲು ಕಟ್ಟಿ ಯಾರಿಗೋ ಕೊಟ್ಟರು. ನನಗೆ ಸಂತೋಷವೇ ಆಯಿತು, ಆ ಕೂಸು ನನ್ನ ತೊಡೆಯ ಮೇಲೆ ಎಷ್ಟು ಸಲ ಒದ್ದೆ ಮಾಡಿಲ್ಲ! ಆದರೆ ಸಂತೋಷದ ಜೊತೆಗೇ ಇನ್ನೊಂದು ಯೋಚನೆ ಸೌಟು ತಿರುವುವಾಗ, ಬಟ್ಟೆ ಹಿಂಡುವಾಗ ಬರುತ್ತಿತ್ತು. ಹಾಗಾದರೆ ನಾನು ತಪ್ಪು ತಿಳಿದೆನೇ? ಕಿವುಡು ಡಾಕ್ಟರಮ್ಮನ ಮಾತಿಗೆ ಗೆಳತಿಯನ್ನು ಕಳೆದುಕೊಂಡೆನೇ?

"ಇನ್ನಾದ್ರೂ ಆ ಬಾಟಲಿ ಕೊಡ್ಬಾರ್ದಾ ಯಾರಿಗಾದ್ರೂ," ಎಂದರು ರುದ್ರೇಶ, ಊಟಕ್ಕೆ ಕೂತಾಗ. "ಮಗ್ಗದ ಸಂಘದಲ್ಲಿ ನನ್ನ ಮುಖ ನೋಡಿ ಮಾತಾಡೋರಿಲ್ಲ."

"ಕೊಡ್ತೀನಿ. ಖಾಲಿ ಬಾಟಲಿ."

ಅವರು ನನ್ನನ್ನು ನೋಡಿದರು. ಮುದ್ದೆ ಮುರಿದರು. "ಇಷ್ಟು ಹಟ ನಿಂಗೆ ಎಲ್ಲಿಂದ ಬಂತೇ," ಎಂದರು, ಆದರೆ ಅವರ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. ಪಾರಿಗೆ ಕೊನೆಯ ಚಮಚ ಕುಡಿಸಿದ ದಿನ ಬಾಟಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆ. ಅವಳ ಕೆನ್ನೆ ತುಂಬಿಕೊಂಡಿತ್ತು, ಎರಡೆರಡು ಸಲ ಅನ್ನ ಕೇಳುತ್ತಿದ್ದಳು. ನನಗೆ ಮಾತ್ರ ನೆಮ್ಮದಿ ಬರಲಿಲ್ಲ. ಹಗಲೆಲ್ಲ ನನ್ನ ಕಿವಿ ಬೀದಿಯ ಆಚೆ ಬದಿಗೇ ಚಾಚಿಕೊಂಡಿರುತ್ತಿತ್ತು.

ಮುಂದೆ ಒಂದು ದಿನ ಕಿವಿಹೊತ್ತು ಇನ್ನೂ ಮುಗಿದಿರಲಿಲ್ಲ. ಬೀದಿಯೆಲ್ಲ ಉಸಿರು ಹಿಡಿದು ಕೂತಿತ್ತು. ಆಗ ಎದುರುಮನೆಯ ಮಗ್ಗ ಶುರುವಾಯಿತು, ಟಕ್ ಟಕ್ ಟಕ್ ಎಂದು, ಯಾವ ಎಗ್ಗೂ ಇಲ್ಲದೆ. ನನ್ನ ನೆನಪಿನಲ್ಲಿ ಆ ಹೊತ್ತಿನಲ್ಲಿ ಯಾರೂ ಮಗ್ಗ ಹಾಕಿದ್ದಿಲ್ಲ. ಕಿಟಕಿಗಳು ತೆರೆದುಕೊಂಡವು. ಯಾರೋ "ಯಾವಳೇ ಅದು!" ಎಂದು ಕೂಗಿದರು. ಅತ್ತೆ ನನ್ನ ಕಡೆ ತಿರುಗಿದರು, ಅವರ ಮುಖ ಬಿಳುಪೇರಿತ್ತು. "ಏನೋ ಮುಚ್ಚಿಡ್ತಿದ್ದಾಳೆ," ಎಂದರು.

ನಾನು ಚಪ್ಪಲಿ ಹಾಕಿಕೊಳ್ಳದೆ ಬೀದಿ ದಾಟಿದೆ.

ಬಾಗಿಲು ಒಳಗಿನಿಂದ ಹಾಕಿತ್ತು. ಹಿತ್ತಲಿನಿಂದ ಒಳಹೊಕ್ಕೆ. ಜಯಶೀಲ ಮಗ್ಗದ ಪಕ್ಕದಲ್ಲೇ ನೆಲದ ಮೇಲೆ ಕೂತು ಓಂಕಾರನನ್ನು ಎದೆಗೆ ಒತ್ತಿಕೊಂಡಿದ್ದಳು. ಮಗ್ಗಕ್ಕೆ ನೂಲೇ ಹಾಕಿರಲಿಲ್ಲ, ಬರೀ ಲಾಳಿ ಅತ್ತ ಇತ್ತ ಹೊಡೆದುಕೊಳ್ಳುತ್ತಿತ್ತು. ಅವಳ ಗಂಡ ಊರಲ್ಲಿರಲಿಲ್ಲ, ಅತ್ತೆ ಮೂಲೆಯಲ್ಲಿ ತಲೆ ಹಿಡಿದು ಕೂತಿದ್ದರು.

"ಯಾಕೆ ಬಂದೆ?" ಮಗ್ಗದ ಮೇಲಿಂದ ಕಿರುಚಿದಳು. "ನಿಂತಿದೆ! ಅವತ್ತೇ ನಿಂತಿದೆ! ನಿನಗೆ ಹೊಟ್ಟೆಕಿಚ್ಚು!"

ನಾನು ಹೋಗಿ ಮಗ್ಗದ ಸ್ವಿಚ್ಚು ಆರಿಸಿದೆ.

ಆಗ ಕೇಳಿಸಿತು. ಗಿರಣಿಯಲ್ಲ. ಬಿಗಿದು ಕಟ್ಟಿದ ತಂತಿಯ ಮೇಲೆ ಉಗುರು ಎಳೆದ ಹಾಗೆ ಸಣ್ಣಗೆ, ಮೇಲಕ್ಕೆ, ಬಿಡುವೇ ಇಲ್ಲದೆ. ಅಂಥ ಸದ್ದನ್ನು ನಾನು ಯಾವ ಮೈಯಲ್ಲೂ ಕೇಳಿರಲಿಲ್ಲ. ಮೂಲೆಯಿಂದ ಅವಳ ಅತ್ತೆ, "ಮತ್ತೆ ಗೆದ್ದ ಮದ್ದು ತಂದು ಕುಡಿಸಿದ್ವಮ್ಮ. ಇದು ಕೇಳ್ತಾನೇ ಇಲ್ಲ. ಕುಡಿಸಿದಷ್ಟೂ ಅದರ ಪಾಡಿಗೆ ಅದು ಹಾಡ್ತದೆ," ಎಂದರು. ಓಂಕಾರನ ಕಣ್ಣು ಅರೆಮುಚ್ಚಿದ್ದವು. ನಾನು ಅವನ ಅಂಗಿ ಎತ್ತಿ, ಕಿವಿ ಇಡಲಿಲ್ಲ, ನೋಡಿದೆ. ಒಂದೊಂದು ಉಸಿರಿಗೂ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು. ತುಟಿಯ ಅಂಚು ನೇರಳೆಯಾಗಿತ್ತು.

"ಕೊಡು ಇಲ್ಲಿ," ಎಂದು ಕೂಸನ್ನು ತೆಗೆದುಕೊಂಡೆ. ಅವಳು ತಡೆಯಲಿಲ್ಲ. ನನ್ನ ಹಿಂದೆ ಓಡಿಬಂದಳು, ಸೆರಗು ನೆಲಕ್ಕೆ ಎಳೆಯುತ್ತ. ಬೀದಿಯ ಎರಡೂ ಬದಿ ಜನ ನಿಂತಿದ್ದರು. ತಂತಿಯ ಸದ್ದು ಎಲ್ಲರ ಕಿವಿಗೂ ಬಿತ್ತು. ಆಟೊದ ವೀರಭದ್ರ, ಹಾರನ್ನು ಹಾಕಲು ಗಂಟೆಗಟ್ಟಲೆ ಯೋಚಿಸುವ ಮನುಷ್ಯ, ಆಸ್ಪತ್ರೆಯವರೆಗೂ ಹಾರನ್ನಿನಿಂದ ಕೈ ತೆಗೆಯಲಿಲ್ಲ.

ಡಾಕ್ಟರ್ ಕೂಸನ್ನು ನೋಡಿದ್ದೇ ಮೂಗಿಗೆ ನಳಿಕೆ ಇಟ್ಟರು, ಕೈಯ ನರ ಹುಡುಕಿ ಸೂಜಿ ಹಾಕಿದರು, ರಕ್ತ ತೆಗೆದು ಪರೀಕ್ಷೆಗೆ ಇಟ್ಟರು. ಏನು ಕುಡಿಸಿದಿರಿ ಎಂದು ಕೇಳಿದರು. ಜಯಶೀಲ ನಾಲ್ಕು ಮನೆಯ ಬಾಟಲಿಯ ಕಥೆಯನ್ನು ತಲೆ ತಗ್ಗಿಸಿ ಹೇಳಿದಳು. ಬೈಗುಳ ಬರುತ್ತದೆಂದು ಇಬ್ಬರೂ ಕಾದೆವು. ಅವರು ಬೈಯಲಿಲ್ಲ, ಗೋಡೆಗೆ ಒರಗಿ ಒಂದು ಸಲ ಕಣ್ಣು ಒರೆಸಿಕೊಂಡರು.

"ಸಣ್ಣ ಮಗು, ನೀವು ಬೇಗ ತಂದಿದ್ರೆ ಒಳ್ಳೇದಿತ್ತು," ಎಂದರು. "ಹಳೇ ಮದ್ದು ಕೊಡಲ್ಲ. ಬೇರೆ ಥರದ್ದು ಈಗಲೇ ಶುರು ಮಾಡ್ತೀನಿ. ಪರೀಕ್ಷೆ ಬರೋ ತನಕ ಕಾಯೋಕಾಗಲ್ಲ. ಇವತ್ತು ನಾಳೆ ಕಳೀಲಿ."

ಕಳೆಯುವುದೇ ಕಷ್ಟವಾಯಿತು. ನಾನು ಬೆಳಗ್ಗೆ ಅಡುಗೆ ಮುಗಿಸಿ, ಪಾರಿಯನ್ನು ಶಾಲೆಗೆ ಬಿಟ್ಟು ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೆ. ಜಯಶೀಲ ತಿನ್ನುತ್ತಿರಲಿಲ್ಲ. ತುತ್ತು ಮಾಡಿ ಕೈಗೆ ಕೊಟ್ಟರೆ ಹಿಡಿದುಕೊಂಡು ಕೂರುತ್ತಿದ್ದಳು. ತಂತಿಯ ಸದ್ದು ಆಸ್ಪತ್ರೆಯ ಕೋಣೆಯನ್ನೆಲ್ಲ ತುಂಬಿಕೊಂಡಿತ್ತು. ಅದು ಕೇಳಿಸದಿದ್ದವರು ಡಾಕ್ಟರ್ ಒಬ್ಬರೇ. ಅವರು ಬಂದು ಉಸಿರು ನೋಡಿ, ಉಗುರಿನ ಬಣ್ಣ ನೋಡಿ ಹೋಗುತ್ತಿದ್ದರು. ನಾವು ಕಿವಿ ಮುಚ್ಚಿಕೊಂಡು ಅವರ ಮುಖ ನೋಡುವುದನ್ನು ಕಲಿತೆವು.

ಒಂದು ಮಧ್ಯಾಹ್ನ ಅವರು ಒಂದು ಗಾಜಿನ ತಟ್ಟೆ ತಂದು ಕಿಟಕಿಯ ಬೆಳಕಿಗೆ ಹಿಡಿದರು. "ಇದು ಓಂಕಾರನ ರಕ್ತದಿಂದ ಬೆಳೆದದ್ದು," ಎಂದರು. ತಟ್ಟೆಯ ತುಂಬ ತೆಳ್ಳನೆಯ ಕೆನೆಯಂಥ ಪದರ. ಅದರ ಮೇಲೆ ಅಲ್ಲಲ್ಲಿ ಕುಂಕುಮದ ಬೊಟ್ಟಿನಷ್ಟು ದೊಡ್ಡ ಬಿಳಿ ಕಾಗದದ ಬಿಲ್ಲೆಗಳು. ಒಂದೊಂದರಲ್ಲಿ ಒಂದೊಂದು ಮದ್ದು ಇದೆಯಂತೆ. ಕೆಲವು ಬಿಲ್ಲೆಗಳ ಸುತ್ತ, ರಂಗೋಲಿ ಇಡಲು ನೆಲ ಸಾರಿಸಿದ ಹಾಗೆ, ಗುಂಡಗೆ ಖಾಲಿ ಜಾಗ. ಒಂದು ಬಿಲ್ಲೆಯ ಸುತ್ತ ಮಾತ್ರ ಏನೂ ಇಲ್ಲ, ಕೆನೆ ಬಿಲ್ಲೆಯ ಅಂಚಿನವರೆಗೂ ಬಂದು ಒತ್ತಿಕೊಂಡು ನಿಂತಿತ್ತು.

"ಇದು ನೀವು ಕುಡಿಸಿದ್ದು," ಎಂದು ಆ ಬಿಲ್ಲೆ ತೋರಿಸಿದರು. "ಗೋಡೆ ಕಟ್ಟೋ ಕೈಯನ್ನೇ ಈ ಕ್ರಿಮಿ ಬದಲಾಯಿಸ್ಕೊಂಡಿದೆ. ಮದ್ದಿಗೆ ಹಿಡಿಯೋಕೆ ಸಿಗಲ್ಲ. ಮದ್ದೇನೂ ಪಾಠ ಕಲಿಯಲ್ಲಮ್ಮ, ಎಷ್ಟು ಮನೆ ತಿರುಗಿದ್ರೂ. ಕಲಸಿಟ್ಟು ಹಳೇದಾದಷ್ಟೂ ಅದರ ಕಸುವು ಹೋಗತ್ತೆ. ಪ್ರತಿ ಮನೇಲೂ ಅರೆಬರೆ ಪೆಟ್ಟು ತಿಂದು ಬದುಕಿಕೊಂಡ ಕ್ರಿಮಿ ಮುಂದಿನ ಮನೆಗೆ ಹೋಗತ್ತೆ. ಪೆಟ್ಟು ತಡೆಯೋದೇ ಉಳಿಯೋದು, ಅದರ ಮರಿಗಳೇ ತುಂಬ್ಕೊಳ್ಳೋದು. ಗೆದ್ದಿದ್ದು ಯಾವುದು ಅಂತ ಈಗ ಹೇಳಿ."

ಜಯಶೀಲ ತಟ್ಟೆಯನ್ನು ನೋಡುತ್ತಲೇ ಇದ್ದಳು. "ಈಗ ಕೊಡ್ತಿರೋದು?"

ಡಾಕ್ಟರ್ ಪಕ್ಕದ ಬಿಲ್ಲೆ ತೋರಿಸಿದರು. ಅದರ ಸುತ್ತಲಿನ ಖಾಲಿ ಜಾಗ ಅಗಲವಾಗಿತ್ತು. "ಇದು ಗೋಡೆ ತಂಟೆಗೇ ಹೋಗಲ್ಲ. ಅವುಗಳ ಅಡುಗೆಮನೆಗೆ ನುಗ್ಗಿ ಒಲೆ ಆರಿಸತ್ತೆ. ತಟ್ಟೇಲಿ ಕೆಲಸ ಮಾಡಿದೆ. ಮಗೂ ಮೈಯಲ್ಲೂ ಮಾಡಬೇಕು. ಮಾಡತ್ತೆ ಅಂತ ನನ್ನ ನಂಬಿಕೆ, ಆಣೆ ಮಾಡಿ ಹೇಳಲಾರೆ."

ಅವರು ಹೊರಡುವಷ್ಟರಲ್ಲಿ ಜಯಶೀಲ ಕೇಳಿದಳು. ನನ್ನ ಕಡೆ ನೋಡದೆ, ನೇರ ಅವರನ್ನೇ. "ಡಾಕ್ಟ್ರೇ, ಆವತ್ತು ಇವಳು ಅವಳ ಬಾಟಲಿ ಕೊಟ್ಟಿದ್ರೆ ನನ್ ಮಗ ಹೀಗಾಗ್ತಿದ್ನಾ?"

ಆ ಪ್ರಶ್ನೆ ನಾನು ಎಷ್ಟು ಸಲ ಕೇಳಿಕೊಂಡಿದ್ದೆ, ಅಕ್ಕಿ ಆರಿಸುತ್ತ, ಒಲೆ ಒರೆಸುತ್ತ.

ಡಾಕ್ಟರ್ ತಿರುಗಿ ನಿಂತು ಹೇಳಿದರು. "ಗೊತ್ತಿಲ್ಲಮ್ಮ. ಮೊದಲೇ ಈ ಕ್ರಿಮಿ ಹೀಗಿತ್ತಾ, ಆಮೇಲೆ ಹೀಗಾಯ್ತಾ, ನಾನು ಹೇಗೆ ಹೇಳ್ಲಿ? ಅವತ್ತೇ ಇಲ್ಲಿಗೆ ಬಂದಿದ್ರೆ ಪೂರ್ತಿ ಬಾಟಲಿ ಕೊಟ್ಟು ಕಣ್ಣಿಟ್ಟಿರ್ತಿದ್ದೆ. ಇವರು ಅರ್ಧ ಕೊಟ್ಟಿದ್ರೆ ಬಹುಶಃ ಈ ಕೋಣೇಲಿ ಇಬ್ಬರು ಮಕ್ಕಳು ಮಲಗಿರ್ತಿದ್ರು. ಬಹುಶಃ. ಅಷ್ಟೇ ನನಗೆ ಗೊತ್ತಿರೋದು."

ನನ್ನನ್ನು ಕ್ಷಮಿಸಿದಳು ಎನ್ನುವಂಥದ್ದೇನೂ ಜಯಶೀಲಳ ಮುಖದಲ್ಲಿ ಕಾಣಲಿಲ್ಲ. ನಾನೂ ಅದನ್ನು ಕೇಳಲಿಲ್ಲ. ಅವಳು ಸರಿದು ಬೆಂಚಿನ ಮೇಲೆ ಜಾಗ ಮಾಡಿದಳು. ಕೂತೆ. ಓಂಕಾರ ಮಂಚದ ಮೇಲೆ ಉಸಿರು ಎಳೆಯುತ್ತಿದ್ದ. ತಂತಿಯ ಸದ್ದು ಸ್ವಲ್ಪ ಇಳಿದಂತೆ ನನಗನ್ನಿಸಿತು. ಜಯಶೀಲಳಿಗೂ ಅನ್ನಿಸಿರಬೇಕು, ಕತ್ತು ಎತ್ತಿದಳು. ಇಳಿಯುವುದನ್ನು ನಂಬುವ ಧೈರ್ಯ ಇಬ್ಬರಿಗೂ ಉಳಿದಿರಲಿಲ್ಲ.

ಅದರ ಮರುದಿನ ನಾನು ಹೋದಾಗ ಮೂಗಿನ ನಳಿಕೆ ತೆಗೆದಿದ್ದರು. ಕೂಸು ಕಣ್ಣು ಬಿಟ್ಟು ಫ್ಯಾನು ನೋಡುತ್ತಿತ್ತು. ಡಾಕ್ಟರ್ ಕೈಯ ಸೂಜಿಯ ಪಟ್ಟಿ ಬದಲಾಯಿಸಲು ಬಂದರು. ಅಂಟು ಎಳೆದದ್ದೇ ತಡ, ಓಂಕಾರ ಮುಖ ಕಿವುಚಿ, ಒಂದು ಕ್ಷಣ ಸದ್ದಿಲ್ಲದೆ ಬಾಯಿ ತೆರೆದು, ಆಮೇಲೆ ಕಿರುಚಿದ. ಇಷ್ಟು ದಿನ ಅವನಿಗೆ ಅಳುವಷ್ಟೂ ಉಸಿರಿರಲಿಲ್ಲ. ಈಗ ಕೋಣೆಯ ಗಾಜು ಅದುರುವ ಹಾಗೆ, ಮುಖವೆಲ್ಲ ಕೆಂಪಾಗಿ, ಕಾಲು ಒದೆಯುತ್ತ ಅಳತೊಡಗಿದ.

ಬಾಗಿಲಲ್ಲಿ ನಿಂತಿದ್ದ ಅವನ ಅಜ್ಜಿ, "ಶ್, ಶ್, ಸುಮ್ನಿರಪ್ಪ, ತಂತಿ ನಿಂತಿದ್ಯಾ ಅಂತ ಕೇಳೋಣ," ಎಂದು ಓಡಿ ಬಂದರು. ಜಯಶೀಲ ಅವರಿಗೆ ಅಡ್ಡ ಕೈ ಹಿಡಿದಳು.

"ಬೇಡ ಅತ್ತೆ," ಎಂದಳು. "ಅಳಲಿ ಬಿಡಿ."

ಅವನು ಅತ್ತ. ಆ ಅಳುವಿನ ಅಡಿಯಲ್ಲಿ ತಂತಿ ಇನ್ನೂ ಇತ್ತೋ ಇಲ್ಲವೋ ನಮಗ್ಯಾರಿಗೂ ಗೊತ್ತಾಗಲಿಲ್ಲ, ಗೊತ್ತು ಮಾಡಿಕೊಳ್ಳಲೂ ಹೋಗಲಿಲ್ಲ. ಜಯಶೀಲ ಗಡಿಯಾರ ನೋಡಿ, "ಮದ್ದಿನ ಹೊತ್ತಾಯ್ತಲ್ವಾ ಡಾಕ್ಟ್ರೇ?" ಎಂದು ಅಳುವಿನ ಮೇಲಿಂದ ಕೂಗಿದಳು.

"ಏನೂ ಕೇಳಿಸ್ತಿಲ್ಲ!" ಎಂದು ಅವರೂ ಕೂಗಿ, ಮೊದಲ ಸಲ ನಮ್ಮ ಮುಂದೆ ಬಾಯಿ ತುಂಬ ನಕ್ಕರು. "ಈ ಸದ್ದು ಮಾತ್ರ ನನಗೂ ಚೆನ್ನಾಗಿ ಕೇಳಿಸತ್ತೆ ಕಣಮ್ಮ," ಎಂದು ಸಿರಿಂಜಿಗೆ ಆ ಹೊತ್ತಿನ ಮದ್ದು ತುಂಬಿಕೊಂಡರು.